ವಿದ್ಯಾರ್ಥಿಗಳಿಗೆ ಹಳಗನ್ನಡ ಕಾವ್ಯ: ಪುಸ್ತಕಗಳ ಆಯ್ಕೆ

ಓದುವ ಮಕ್ಕಳಿರುವ ಮನೆಗಳಲ್ಲಿ ಪ್ರತಿವರ್ಷವೂ ಕನ್ನಡಕ್ಕೆಂದು ಕೊಳ್ಳುವ ಪುಸ್ತಕಗಳು ಸಾಮಾನ್ಯವಾಗಿ ಎರಡು: ಗೊತ್ತುಮಾಡಿದ ಪಠ್ಯ ಒಂದು, ಅದರ ಗೈಡು ಇನ್ನೊಂದು. ಮೊದಲನೆಯದರ ಆಯ್ಕೆಯನ್ನು ಸಮಿತಿಗಳು ಮಾಡಿ ಮುಗಿಸಿರುತ್ತವೆ. ಎರಡನೆಯದು ಮಾತ್ರ ಪೂರ್ಣವಾಗಿ ಮನೆಯವರದು. ಆದರೂ ಅದರ ವಿಷಯದಲ್ಲಿ ವಿಚಾರಮಾಡುವವರು ವಿರಳ. ಗಣಿತಕ್ಕೂ ವಿಜ್ಞಾನಕ್ಕೂ ಯಾವ ಗ್ರಂಥ ಉತ್ತಮವೆಂದು ನಾಲ್ಕು ಜನರನ್ನು ಕೇಳಿ ಕೊಳ್ಳುವ ತಂದೆತಾಯಿಗಳು, ಕನ್ನಡವೆಂದರೆ ಮನೆಮಾತಷ್ಟೆ ಎಂದು, ಅಂಗಡಿಯವನು ಕೊಟ್ಟುದನ್ನು ತಂದುಬಿಡುತ್ತಾರೆ. ಇದರ ನಷ್ಟವು ಹೆಚ್ಚಾಗಿ ತಗಲುವುದು ಹಳಗನ್ನಡ, ನಡುಗನ್ನಡ ಕಾವ್ಯಗಳ ಓದಿಗೆ.

ಗೈಡಿನ ದೋಷವು ಅದು ತಪ್ಪು ಹೇಳುತ್ತದೆಂಬುದಲ್ಲ. ಅದರ ಅರ್ಥವಿವರಣೆ ತಕ್ಕಮಟ್ಟಿಗೆ ಸರಿಯಾಗಿಯೇ ಇರಬಹುದು. ದೋಷವಿರುವುದು ಕ್ರಮದಲ್ಲಿ. ಪದ್ಯವು ಕಿವಿಗೆ ಬೀಳುವ ಮೊದಲೇ ಸಾರಾಂಶವು ಕಣ್ಣಿಗೆ ಬೀಳುತ್ತದೆ. 'ಸಂದರ್ಭಸಹಿತ ವಿವರಿಸಿ' ಎಂಬ ಪ್ರಶ್ನೆಗೆ ಉತ್ತರವು ಸಿದ್ಧವಾಗಿ ದೊರೆತ ಮೇಲೆ ಮೂಲದ ಕಡೆಗೆ ತಿರುಗಿ ನೋಡಲು ವಿದ್ಯಾರ್ಥಿಗೆ ಕಾರಣವೇ ಉಳಿಯುವುದಿಲ್ಲ. ಪದವಿಯವರೆಗೂ ಕನ್ನಡ ಓದಿದ ತರುಣನು ರನ್ನನ ಕಾಲವನ್ನೂ ಬಿರುದುಗಳನ್ನೂ ಬಲ್ಲನು. ಅವನ ಒಂದು ಕಂದಪದ್ಯವನ್ನು ತಾನಾಗಿ ಬಿಡಿಸಿ ಓದಲಾರನು.

ಇದಕ್ಕೆ ಪಠ್ಯಗಳ ರೀತಿಯೂ ಸ್ವಲ್ಪಮಟ್ಟಿಗೆ ಹೊಣೆಯೆನ್ನಬೇಕು. ಕಾವ್ಯಗಳಿಂದ ಆಯ್ದ ಭಾಗಗಳನ್ನು ಕೂಡಿಸುವ ಪದ್ಧತಿ ಹೊಸದಲ್ಲ. 1868ರಲ್ಲಿಯೇ ಮಂಗಳೂರಿನಲ್ಲಿ ವೂರ್ತ್ ಎಂಬ ಪಾದ್ರಿಯು 'ಪ್ರಾಕ್ಕಾವ್ಯಮಾಲಿಕೆ'ಯನ್ನು ಹೊರತಂದಿದ್ದನು. ಆಯ್ದುಕೊಡುವುದು ಅನಿವಾರ್ಯವೇ ಸರಿ. ಆದರೆ ಹತ್ತಿಪ್ಪತ್ತು ಪದ್ಯಗಳ ತುಣುಕಿನಲ್ಲಿ ಏನಾಗುತ್ತದೆಂಬುದಕ್ಕೆ 'ಗದಾಯುದ್ಧ'ವೇ ನಿದರ್ಶನ. ಪಠ್ಯಗಳಿಗೆ ಮೆಚ್ಚಿನದಾದುದು ದುರ್ಯೋಧನನ ವಿಲಾಪ, ಅದರಲ್ಲಿಯೂ ಕರ್ಣನ ಕಳೇಬರದ ಮುಂದಿನ ಭಾಗ. ಅದು ಉತ್ಕೃಷ್ಟವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ಆಶ್ವಾಸಗಳ ಈ ಚಂಪೂಕಾವ್ಯವು ಮೊದಲು ತೋರಿಸುವುದು ದ್ರೌಪದಿಯ ಅವಮಾನದ ನೆನಪನ್ನು, ಭೀಮನ ಪ್ರತಿಜ್ಞೆಯನ್ನು. ಅನಂತರ ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ಗುರುವಾದ ದ್ರೋಣನನ್ನು ಕಾಣುತ್ತಾನೆ, ಶತ್ರುವಿನ ಮಗನಾದ ಅಭಿಮನ್ಯುವಿನ ಸಾಹಸವನ್ನು ಕೊಂಡಾಡುತ್ತಾನೆ, ಮಗನನ್ನೂ ತಮ್ಮನನ್ನೂ ಕಂಡು ಕುಸಿಯುತ್ತಾನೆ, ಆಮೇಲೆ ಕರ್ಣ. ಈ ಮೆಟ್ಟಿಲುಗಳನ್ನು ಹತ್ತದವನಿಗೆ ಕೊನೆಯ ದುಃಖವು ಬರಿಯ ಗೋಳಾಗಿ ತೋರುತ್ತದೆ. ಆ ದುಃಖಿಯೇ ದ್ರೌಪದಿಯ ಅವಮಾನಕ್ಕೆ ಕಾರಣನೆಂಬುದು ಮರೆತುಹೋದರಂತೂ ರನ್ನನು ಅವನ ಛಲವನ್ನು ಮೆಚ್ಚಿಸುವ ಬಗೆಯ ಬಿಗುವೇ ಕಾಣದು. ರಾಘವಾಂಕನ ಚಂದ್ರಮತಿಯ ಪ್ರಲಾಪಕ್ಕೂ ಇದೇ ಗತಿ.

ಆದುದರಿಂದ ಗೈಡಿಗೆ ಕೊಡುವ ಹಣದಲ್ಲಿ ಮೊದಲು ಕೊಳ್ಳತಕ್ಕದ್ದು ಆ ಕಾವ್ಯದ ಒಂದು ಒಳ್ಳೆಯ ಸಂಗ್ರಹವನ್ನು. ಹಿಂದಿನ ತಲೆಮಾರಿನ ವಿದ್ವಾಂಸರು ಈ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಟಿ. ಎಸ್. ವೆಂಕಣ್ಣಯ್ಯನವರೂ ಎ. ಆರ್. ಕೃಷ್ಣಶಾಸ್ತ್ರಿಗಳೂ ಕೂಡಿ 'ಹರಿಶ್ಚಂದ್ರಕಾವ್ಯ ಸಂಗ್ರಹ'ವನ್ನು ಸಿದ್ಧಪಡಿಸಿದರು, ತೀ. ನಂ. ಶ್ರೀಕಂಠಯ್ಯನವರು 'ಗದಾಯುದ್ಧ ಸಂಗ್ರಹ'ವನ್ನು ಕೊಟ್ಟರು. ಸಂಗ್ರಹಕ್ಕೂ ತುಣುಕಿಗೂ ಇರುವ ಭೇದವು ಗಾತ್ರದ್ದಲ್ಲ. ಸಂಗ್ರಹದಲ್ಲಿ ಕಥೆಯ ಸೂತ್ರವು ಕಡಿಯುವುದಿಲ್ಲ. ಬಿಟ್ಟ ಭಾಗದ ಅಗಲವೆಷ್ಟೆಂಬುದು ಓದುವವನಿಗೆ ತಿಳಿಯುತ್ತದೆ. ಬಿ. ಎಂ. ಶ್ರೀಕಂಠಯ್ಯನವರ 'ಕನ್ನಡ ಬಾವುಟ'ದ ಉದ್ದೇಶವೇ ಬೇರೆ. ಅದು ಅನೇಕ ಕವಿಗಳ ದನಿಯನ್ನು ಒಮ್ಮೆಗೇ ಕೇಳಿಸುತ್ತದೆ. ಯಾವ ಕವಿಯನ್ನು ಮುಂದೆ ಹಿಡಿಯಬೇಕೆಂಬುದನ್ನು ಮಗುವೇ ಆರಿಸಿಕೊಳ್ಳುವುದಕ್ಕೆ ಒಳ್ಳೆಯ ಹೆಬ್ಬಾಗಿಲು. ಅಲ್ಲಿಯೇ ನಿಂತುಬಿಟ್ಟರೆ ಮನೆಯೊಳಗೆ ಹೋದಂತಾಗಲಿಲ್ಲ. ಅವರದೇ 'ಗದಾಯುದ್ಧ ನಾಟಕಂ' (1926) ರನ್ನನ ಮಾತುಗಳನ್ನೇ ರಂಗಕ್ಕೆ ಹೊಂದಿಸಿದ ಕೃತಿ. ಇಬ್ಬರು ಮೂವರು ಮಕ್ಕಳು ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಹಳಗನ್ನಡದ ಬೆದರಿಕೆ ಅರ್ಧ ಕಡಿಮೆಯಾಗುತ್ತದೆ. ಆದರೆ ಅಲ್ಲಿ ಪ್ರಧಾನನಾಗಿ ನಿಲ್ಲುವವನು ದುರ್ಯೋಧನ. ರನ್ನನು ನಾಯಕನೆಂದು ಹಿಡಿದದ್ದು ಭೀಮನನ್ನು. ಒಂದನ್ನು ಇನ್ನೊಂದರ ಬದಲಿಗೆ ಓದಿಸಲಾಗದು.

ಅಂಗಡಿಯಲ್ಲಿ ಪುಸ್ತಕವನ್ನು ಪರೀಕ್ಷಿಸುವುದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ನಡುವೆ ಎಲ್ಲಿಯಾದರೂ ಒಂದು ಪುಟ ತೆರೆದು ನೋಡಬೇಕು. ಪದ್ಯವು ಮೊದಲು ಇದೆಯೇ, ಅರ್ಥ ಮೊದಲೇ? ಟಿಪ್ಪಣಿಯು ಕಠಿನಶಬ್ದವನ್ನು ಬಿಡಿಸುತ್ತದೆಯೇ, ಅಥವಾ ಸುಲಭವಾದುದನ್ನು ವಿಸ್ತರಿಸಿ ಕಠಿನವಾದುದನ್ನು ಹಾರಿಬಿಡುತ್ತದೆಯೇ? (ಈ ಎರಡನೆಯ ಜಾತಿಯ ಟಿಪ್ಪಣಿಕಾರರು ಬಹುಸಂಖ್ಯಾತರು.) ಇನ್ನು ಸಂಧಿ ಬಿಡಿಸಿ ಅಚ್ಚು ಹಾಕುವ ವಿಚಾರ. ಬಿಡಿಸಿದ ಪಾಠವು ಹೈಸ್ಕೂಲಿನವನಿಗೆ ಅನುಕೂಲವೆಂಬುದು ನಿಜ. ಆದರೆ ಲೋಪವಾದ ಸ್ವರವನ್ನು ಮತ್ತೆ ಸೇರಿಸಿದೊಡನೆ ಮಾತ್ರೆ ಹೆಚ್ಚುತ್ತದೆ, ಪ್ರಾಸ ತಪ್ಪುತ್ತದೆ, ಕಂದವು ಕಂದವಾಗಿ ಉಳಿಯುವುದಿಲ್ಲ. ಮೇಲೆ ಮೂಲ, ಕೆಳಗೆ ಬಿಡಿಸಿದ ರೂಪ, ಪಕ್ಕದಲ್ಲಿಯೋ ಅಡಿಯಲ್ಲಿಯೋ ಶಬ್ದಾರ್ಥ: ಹೀಗಿರುವ ಪುಸ್ತಕಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಸಾಹಿತ್ಯಚರಿತ್ರೆಯ ಕ್ರಮವೇ ಕಲಿಕೆಯ ಕ್ರಮವಾಗಬೇಕೆಂಬ ಭಾವನೆಯೂ ಬಲವಾಗಿದೆ. ಪಂಪನು ಆದಿಕವಿಯೆಂದು ಅವನಿಂದಲೇ ಆರಂಭಿಸಿದರೆ ಎಳೆಯರು ಅತ್ಯಂತ ಕಡಿದಾದ ಕಡೆಯಿಂದ ಬೆಟ್ಟ ಹತ್ತಬೇಕಾಗುತ್ತದೆ. ಮನೆಯಲ್ಲಿ ಓದಿಸುವವರಿಗೆ ಈ ನಿರ್ಬಂಧವಿಲ್ಲ. ಕುಮಾರವ್ಯಾಸನಿಂದ ತೊಡಗುವುದು ಮೇಲು. ಅವನ ಭಾಮಿನೀಷಟ್ಪದಿಯು ಗಮಕಿಗಳ ಬಾಯಲ್ಲಿ ಇಂದಿಗೂ ಜೀವಂತವಾಗಿದೆ, ಶಿವಮೊಗ್ಗೆಯ ಬಳಿಯ ಮತ್ತೂರು, ಹೊಸಹಳ್ಳಿಗಳ ವಾಚನಪರಂಪರೆ ಪ್ರಸಿದ್ಧವಾದುದು, ಧ್ವನಿಮುದ್ರಿಕೆಗಳೂ ದೊರೆಯುತ್ತವೆ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸುವ ಭಾಗವನ್ನು ಒಮ್ಮೆ ಕೇಳಿಸಿ, ಅನಂತರ ಪುಸ್ತಕವನ್ನು ಕೈಗಿತ್ತರೆ ಹದಿಮೂರು ವರ್ಷದವನೂ ಅರ್ಧಕ್ಕಿಂತ ಹೆಚ್ಚನ್ನು ತಾನೇ ಗ್ರಹಿಸುತ್ತಾನೆ. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿ 1958ರಲ್ಲಿ ಸರ್ಕಾರದಿಂದ ಪ್ರಕಟವಾದ 'ಕರ್ಣಾಟ ಭಾರತ ಕಥಾಮಂಜರಿ'ಯ ಪ್ರತಿಯು ಹಳೆಯ ಮನೆಗಳ ಅಟ್ಟಗಳಲ್ಲಿ ಸಿಕ್ಕಿದರೆ ಧೂಳು ಕೊಡವಿ ಕೆಳಗಿಳಿಸತಕ್ಕದ್ದು. ಆಮೇಲೆ ರಾಘವಾಂಕ, ಅನಂತರ ರನ್ನ, ಕಡೆಗೆ ಪಂಪ.

ಈ ಎಲ್ಲಕ್ಕೂ ಆಧಾರವಾಗಿ ಮನೆಯಲ್ಲಿರಬೇಕಾದ ಗ್ರಂಥಗಳು ಎರಡುಂಟು. ಒಂದು ನಿಘಂಟು. ಕಿಟ್ಟೆಲರ 1894ರ ಕೋಶವು ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ 'ಕನ್ನಡ ನಿಘಂಟು' (1970–1995) ಗ್ರಂಥಾಲಯದಲ್ಲಿ ನೋಡತಕ್ಕದ್ದು. ಆರಂಭಕ್ಕೆ ಅದೇ ಪರಿಷತ್ತಿನ 'ಸಂಕ್ಷಿಪ್ತ ಕನ್ನಡ ನಿಘಂಟು' ಸಾಲುತ್ತದೆ. ಇನ್ನೊಂದು ಕೃಷ್ಣಶಾಸ್ತ್ರಿಗಳ 'ವಚನಭಾರತ' (1950). ವಿದ್ಯಾರ್ಥಿಗೆ ಹಳಗನ್ನಡವು ಕಷ್ಟವೆನಿಸುವುದು ಎಷ್ಟೋ ವೇಳೆ ಭಾಷೆಯಿಂದಲ್ಲ, ಕಥೆ ತಿಳಿಯದೆ. ಅಜ್ಜಿಯ ಬಾಯಿಂದ ಭಾರತವನ್ನು ಕೇಳಿ ಬಂದ ಮಕ್ಕಳಿಗೆ ಇಲ್ಲದಿದ್ದ ಈ ತೊಡಕು ಈಗಿನವರಿಗಿದೆ. ವ್ಯಾಸರ ಕಥೆಯನ್ನು ಈ ಗದ್ಯದಲ್ಲಿ ಬಲ್ಲ ಹುಡುಗಿಗೆ, ಪಂಪನಲ್ಲಿ ದ್ರೌಪದಿಯು ಅರ್ಜುನನೊಬ್ಬನ ಮಡದಿಯಾಗಿರುವುದೂ, ಕೊನೆಯಲ್ಲಿ ಅರ್ಜುನನಿಗೇ ಪಟ್ಟವಾಗುವುದೂ ಒಡನೆಯೇ ಕಣ್ಣಿಗೆ ಬೀಳುತ್ತವೆ. ಹೀಗೇಕೆಂದು ಅವಳು ತಾನಾಗಿ ಕೇಳುತ್ತಾಳೆ. ಅರಿಕೇಸರಿಯ ಆಸ್ಥಾನದ ಮಾತು ಆಗ ಬಾಯಿಪಾಠದ ಟಿಪ್ಪಣಿಯಾಗದೆ ಉತ್ತರವಾಗಿ ಬರುತ್ತದೆ. ಅಂಥವಳು ಕಾಲೇಜಿಗೆ ಬಂದಾಗ ಡಿ. ಎಲ್. ನರಸಿಂಹಾಚಾರ್ಯರ 'ಪಂಪಭಾರತ ದೀಪಿಕೆ'ಯನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಎರಡು ಪದ್ಯಗಳಂತೆ, ಯಾರ ಸಹಾಯವೂ ಇಲ್ಲದೆ ಮುಂದುವರಿಯಬಲ್ಲಳು.