ಸೀಟಿಗೆ ಸಿದ್ಧ, ಕಸುಬಿಗಲ್ಲ

ನೀತಿ ಬರೆಯುವ ವಿಷಯದಲ್ಲಿ ಕರ್ನಾಟಕವನ್ನು ಯಾರೂ ದೂರುವಂತಿಲ್ಲ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ನಾಲ್ಕನ್ನೂ ಒಟ್ಟಿಗೆ ಕಟ್ಟಿ ಎವಿಜಿಸಿ ಎನ್ನುತ್ತಾರಲ್ಲ, ಆ ಉದ್ಯಮಕ್ಕಾಗಿ ದೇಶದಲ್ಲೇ ಮೊದಲು, 2012ರಲ್ಲಿ, ಪ್ರತ್ಯೇಕ ನೀತಿ ತಂದ ರಾಜ್ಯ ಇದು. 2017ರಲ್ಲಿ ಎರಡನೆಯದು ಬಂತು, 2024ರಲ್ಲಿ ಮೂರನೆಯದು. ಈಗಿನದರ ಗುರಿ 2029ರೊಳಗೆ 30,000 ಹೊಸ ಉದ್ಯೋಗ. ಮಹದೇವಪುರದಲ್ಲಿ 2021ರಿಂದ ಒಂದು ಉತ್ಕೃಷ್ಟತಾ ಕೇಂದ್ರವಿದೆ. ಕಾಲೇಜು ಮುಗಿಸಿದವರನ್ನು ಸ್ಟುಡಿಯೋಗೆ ಹೊಂದಿಸುವ ಫಿನಿಶಿಂಗ್ ಸ್ಕೂಲೂ ಅದರೊಳಗೇ ಇದೆ. ಮೂರೂ ನೀತಿಗಳ ಹಿಂದಿರುವ ನಂಬಿಕೆ ಒಂದೇ: ಉದ್ಯಮ ಕೇಳಿದ ಕೌಶಲವನ್ನು ಕಲಿಸಿದರೆ ಉದ್ಯೋಗ ತಾನಾಗಿ ಬರುತ್ತದೆ. ಈ ನಂಬಿಕೆಯನ್ನೇ ನಾನಿಲ್ಲಿ ಪ್ರಶ್ನಿಸುತ್ತಿದ್ದೇನೆ.

2025ರ ಫೆಬ್ರುವರಿಯಲ್ಲಿ ವಿಷುಯಲ್ ಎಫೆಕ್ಟ್ಸ್ ಸ್ಟುಡಿಯೋಗಳ ಟೆಕ್ನಿಕಲರ್ ಗುಂಪು ಕುಸಿಯಿತು. ಎಂಪಿಸಿ, ದಿ ಮಿಲ್, ಮೈಕ್ರೋಸ್ ಎಲ್ಲ ಅದರ ಅಂಗಗಳು. ಭಾರತದಲ್ಲಿ ಸುಮಾರು 3,000 ಮಂದಿ, ಅದರಲ್ಲೂ ಹೆಚ್ಚಿನವರು ಬೆಂಗಳೂರಿನವರು, ಕೆಲಸ ಕಳೆದುಕೊಂಡರು. ಎಂಪಿಸಿ ಮುಂಚೂಣಿಯಲ್ಲಿ ನಿಂತು ಕೆಲಸ ಮಾಡಿದ ‘ಮುಫಾಸಾ’ ತೆರೆಕಂಡು ಆಗಿನ್ನೂ ಎರಡು ತಿಂಗಳಾಗಿತ್ತು. ಇದಕ್ಕೆ ಮೊದಲೇ ಇಂಥದ್ದೊಂದು ಆಗಿಹೋಗಿತ್ತು. 2013ರಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಮಾಡಿದ ರಿದಮ್ ಅಂಡ್ ಹ್ಯೂಸ್ ದಿವಾಳಿಗೆ ಅರ್ಜಿ ಹಾಕಿದ ಕೆಲವೇ ದಿನಗಳಲ್ಲಿ ಆ ಚಿತ್ರಕ್ಕೆ ಆಸ್ಕರ್ ಬಂತು. ಅದಕ್ಕೂ ಮುಂಬೈ, ಹೈದರಾಬಾದ್‌ಗಳಲ್ಲಿ ಸ್ಟುಡಿಯೋಗಳಿದ್ದವು. ಈ ಉದ್ಯಮದಲ್ಲಿ ಕೆಲಸ ಚೆನ್ನಾಗಿ ಮಾಡುವುದಕ್ಕೂ ಕೆಲಸ ಉಳಿಯುವುದಕ್ಕೂ ಸಂಬಂಧ ತೆಳು ಎಂಬುದು ಹನ್ನೆರಡು ವರ್ಷ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಮ್ಮ ತರಬೇತಿ ಬದಲಾಗಲಿಲ್ಲ.

ಯಾಕೆ ಬದಲಾಗಲಿಲ್ಲ ಎನ್ನುವುದಕ್ಕೆ ಕೆಲಸ ಹೇಗೆ ಹಂಚಿಕೆಯಾಗುತ್ತದೆಂದು ನೋಡಬೇಕು. ಸಿನಿಮಾದ ಐದು ಸೆಕೆಂಡಿನ ಒಂದು ಶಾಟ್ ಎಂದರೆ, ಸೆಕೆಂಡಿಗೆ 24ರಂತೆ, 120 ಫ್ರೇಮ್. ನಟಿಯ ಹಿಂದಿನ ಗೋಡೆ ತೆಗೆದು ಕಾಡು ಕೂರಿಸಬೇಕೆಂದರೆ ಮೊದಲು ಅವಳ ಆಕೃತಿಯ ಅಂಚನ್ನು, ಬೆರಳು ಸಂದಿ ಸಮೇತ, ಗಾಳಿಗೆ ಹಾರುವ ಕೂದಲು ಸಮೇತ, 120 ಫ್ರೇಮಿನಲ್ಲೂ ಗೆರೆ ಹಾಕಿ ಬೇರ್ಪಡಿಸಬೇಕು. ಇದು ರೋಟೋ. ಸ್ಟಂಟ್‌ನ ತಂತಿ, ಮೈಕಿನ ನೆರಳು ಅಳಿಸುವುದು ಪೇಂಟ್. ಕ್ಯಾಮೆರಾ ಹೇಗೆ ಚಲಿಸಿತೆಂದು ಕಂಪ್ಯೂಟರಿನೊಳಗೆ ಮರಳಿ ಕಟ್ಟುವುದು ಮ್ಯಾಚ್‌ಮೂವ್. ಹಾಲಿವುಡ್ ನಮ್ಮ ಕಡೆಗೆ ಮೊದಲು ಕಳಿಸಿದ್ದು ಈ ಮೂರನ್ನೇ. ಕೈಕೆಲಸ ಹೆಚ್ಚು, ಫ್ರೇಮಿನ ಲೆಕ್ಕದಲ್ಲಿ ದರ ಕಟ್ಟಬಹುದು, ತಪ್ಪಾದರೆ ಯಾರಾದರೂ ತೋರಿಸಿ ತಿದ್ದಿಸಬಹುದು. ಕತೆ ಏನೆಂದು ತಿಳಿದಿರಬೇಕಾಗಿಲ್ಲ. ಎಷ್ಟೋ ಸಲ ಯಾವ ಚಿತ್ರವೆಂದೂ ಹೇಳುವುದಿಲ್ಲ.

ತರಬೇತಿ ಸಂಸ್ಥೆಗಳು ಹುಟ್ಟಿಕೊಂಡದ್ದು ಈ ಬೇಡಿಕೆಯ ಸುತ್ತ. ಬೆಂಗಳೂರಿನಿಂದ ಹುಬ್ಬಳ್ಳಿ, ಮಂಗಳೂರು, ಮೈಸೂರಿನವರೆಗೆ ಬಸ್ ನಿಲ್ದಾಣದ ಹತ್ತಿರದ ಎರಡನೇ ಮಹಡಿಯಲ್ಲಿ ಬೋರ್ಡು ಕಾಣುತ್ತದೆ. ಕೋರ್ಸಿನ ಹೆಸರಲ್ಲೇ ಸಾಫ್ಟ್‌ವೇರ್‌ಗಳ ಪಟ್ಟಿ: ಮಾಯಾ, ನ್ಯೂಕ್, ಹೌಡಿನಿ, ಅನ್‌ರಿಯಲ್. ಕೊನೆಯಲ್ಲಿ ಕಲಿತದ್ದನ್ನು ತೋರಿಸುವ ಒಂದು ಶೋರೀಲ್, ಆಮೇಲೆ ಪ್ಲೇಸ್‌ಮೆಂಟ್. ಶೋರೀಲ್‌ಗಳನ್ನು ಸಾಲಾಗಿ ನೋಡಿದವರಿಗೆ ಗೊತ್ತು, ಒಂದು ಕೆಂಪು ಕಾರು, ಒಂದು ರೋಬೋ, ಪಾಚಿ ಕಟ್ಟಿದ ಒಂದು ಕತ್ತಿ. ಮಾಡಿದವರ ಹೆಸರು ಅದಲುಬದಲಾದರೂ ವ್ಯತ್ಯಾಸ ಕಾಣದು. ಹೀಗೆ ಕಲಿತ ಹುಡುಗ ಅಸೆಂಬ್ಲಿ ಲೈನಿನಲ್ಲಿ ಒಂದೇ ನಟ್ಟು ಬಿಗಿಯುವವನಂತೆ, ತನ್ನ ಮುಂದಿನದೂ ಹಿಂದಿನದೂ ಕಾಣದ ಜಾಗದಲ್ಲಿ ಕೂರುತ್ತಾನೆ. ಲೈನು ಓಡುವಷ್ಟು ದಿನ ಅವನು ನಿಪುಣ.

ಆದರೂ ಈ ಕೋರ್ಸುಗಳನ್ನು ಗೇಲಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಪಿಯುಸಿಯಲ್ಲಿ ಅಂಕ ಕಡಿಮೆ ಬಂದ, ಚಿತ್ರ ಬರೆಯುವ ಹುಚ್ಚಿರುವ, ಸಾಲ ಮಾಡಿ ಫೀಸು ಕಟ್ಟಿದ ಹುಡುಗಿಗೆ ಒಂದು ವರ್ಷದಲ್ಲಿ ಸಂಬಳ ಕೈಗೆ ಬರಬೇಕು. ನಾಲ್ಕು ವರ್ಷದ ಸೌಂದರ್ಯಶಾಸ್ತ್ರ ಅವಳ ಮನೆಯವರಿಗೆ ಬೇಕಿಲ್ಲ. ರೋಟೋ ಕೆಲಸ ಅವಳಿಗೆ ನಿಜಕ್ಕೂ ಒಂದು ಬಾಗಿಲು ತೆರೆದಿದೆ. ತೊಂದರೆ ಇರುವುದು ಆ ಬಾಗಿಲಿನ ಆಚೆ ಎರಡನೆಯ ಬಾಗಿಲನ್ನು ಯಾರೂ ಇಡದಿದ್ದುದರಲ್ಲಿ. ಈಗ ಆಕೃತಿಯ ಅಂಚು ಹಿಡಿಯುವ ಕೆಲಸವನ್ನು ಯಂತ್ರಕಲಿಕೆಯ ಸಾಧನಗಳು ವರ್ಷ ವರ್ಷಕ್ಕೂ ಹೆಚ್ಚು ಚೆನ್ನಾಗಿ ಮಾಡುತ್ತಿವೆ. ಮೊದಲ ಬಾಗಿಲೇ ಕಿರಿದಾಗುತ್ತಿದೆ.

ಸಾಫ್ಟ್‌ವೇರನ್ನೇ ಪಠ್ಯ ಮಾಡಿಕೊಂಡ ಫಲವನ್ನು ನಾವು ಒಮ್ಮೆ ಉಂಡಿದ್ದೇವೆ. 2000ದ ದಶಕದಲ್ಲಿ ಫ್ಲ್ಯಾಶ್ ಕಲಿಯದೆ ಅನಿಮೇಷನ್ ಸರ್ಟಿಫಿಕೇಟೇ ಇರಲಿಲ್ಲ ಎನ್ನಬಹುದು. 2020ರ ಡಿಸೆಂಬರ್ 31ಕ್ಕೆ ಅಡೋಬ್ ಫ್ಲ್ಯಾಶ್ ಪ್ಲೇಯರಿನ ಕತೆ ಮುಗಿಸಿತು. ಗೇಮ್ ಕಡೆಯಲ್ಲಿ ಅದೇ ಸ್ಥಾನ ಯೂನಿಟಿ ಕಂಪನಿಯ ಎಂಜಿನ್ನಿನದು. 2023ರ ಸೆಪ್ಟೆಂಬರಿನಲ್ಲಿ ಆ ಕಂಪನಿ, ಗೇಮ್ ಇನ್‌ಸ್ಟಾಲ್ ಆದಷ್ಟು ಸಲ ಶುಲ್ಕ ವಿಧಿಸುವುದಾಗಿ ಪ್ರಕಟಿಸಿದಾಗ ಜಗತ್ತಿನ ಸಣ್ಣ ಸ್ಟುಡಿಯೋಗಳೆಲ್ಲ ತಿರುಗಿಬಿದ್ದವು. ಒಂದು ವರ್ಷದ ಮೇಲೆ ಅದನ್ನು ಕೈಬಿಟ್ಟಿತು. ಗೇಮ್ ಲೂಪ್ ಎಂದರೇನು, ಡಿಕ್ಕಿಯ ಲೆಕ್ಕ ಹೇಗೆ ನಡೆಯುತ್ತದೆ, ಆಟಗಾರನಿಗೆ ಯಾವಾಗ ಬೇಸರವಾಗುತ್ತದೆ ಎಂದು ತಿಳಿದವರು ಇನ್ನೊಂದು ಎಂಜಿನ್‌ಗೆ ಹೋಗಬಲ್ಲರು. ಮೆನುವಿನಲ್ಲಿ ಎಲ್ಲಿ ಒತ್ತಬೇಕೆಂದಷ್ಟೇ ಕಲಿತವರಿಗೆ ಹೋಗಲು ದಾರಿಯಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಮಾದರಿ ಅಮೆರಿಕದ ರೆಡ್ಮಂಡ್‌ನ ಡಿಜಿಪೆನ್. ಅಲ್ಲಿ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಗೇಮ್ ಮಾಡುತ್ತಾರೆ, ಮಾಡಿದ್ದನ್ನು ಮುಗಿಸುತ್ತಾರೆ. 2005ರಲ್ಲಿ ಅಂಥ ಒಂದು ತಂಡ ‘ನಾರ್ಬಾಕ್ಯುಲರ್ ಡ್ರಾಪ್’ ಎಂಬ ಚಿಕ್ಕ ಗೇಮ್ ಮಾಡಿತು. ಗೋಡೆಗೆ ಎರಡು ಕಿಂಡಿ ಇಟ್ಟು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವುದೇ ಆಟ. ನೋಡಲು ಸಾಧಾರಣ. ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು, 2007ರಲ್ಲಿ ಅದು ‘ಪೋರ್ಟಲ್’ ಆಯಿತು. ಅಲ್ಲಿನ ಶುಲ್ಕ ನಮ್ಮ ಮಧ್ಯಮ ವರ್ಗಕ್ಕೆ ಎಟುಕುವುದಲ್ಲ, ಆ ಶಾಲೆಯನ್ನು ಹಾಗೇ ಇಲ್ಲಿಗೆ ಎತ್ತಿ ತರಲಾಗದು. ಆದರೆ ಪರೀಕ್ಷೆಯ ಬಗೆಯನ್ನು ತರಲು ದುಡ್ಡು ಬೇಕಿಲ್ಲ. ಅಲ್ಲಿ ಮೌಲ್ಯಮಾಪನಕ್ಕೆ ಬಂದದ್ದು ಹತ್ತು ನಿಮಿಷ ಕೂತು ಆಡಬಹುದಾದ, ಮುಗಿದ ಒಂದು ವಸ್ತು. ಅದರಲ್ಲಿ ಯಾರ ಕಲ್ಪನೆ ಸೋತಿತು, ಯಾರ ಕೋಡ್ ಮುರಿಯಿತು ಎಂಬುದನ್ನು ಮುಚ್ಚಿಡಲಾಗದು. ಶೋರೀಲಿನಲ್ಲಿ ಎಲ್ಲವನ್ನೂ ಮುಚ್ಚಿಡಬಹುದು.

ಮಾಡುತ್ತಲೇ ಕಲಿಯುವ ಈ ಅನುಭವ ಬೆಂಗಳೂರಿಗೆ ಇಲ್ಲವೆಂದಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದಾಗ ಗೇಮ್ ಕಲಿಸುವ ಕಾಲೇಜುಗಳೇ ಇರಲಿಲ್ಲ. ಕಂಪನಿಯೇ ತನ್ನವರಿಗೆ ಶಾಲೆಯಾಯಿತು. ‘ಫೋರ್ಝಾ’ದಂಥ ದೊಡ್ಡ ಗೇಮ್‌ಗಳಿಗೆ ಇಲ್ಲಿಂದ ಕೆಲಸ ಹೋಯಿತು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡವು. ಎರಡು ದಶಕ ಅಲ್ಲಿ ಪಳಗಿದವರ ಕಸುಬು ಯಾವ ಪಠ್ಯಕ್ರಮಕ್ಕೂ ಇಳಿಯಲಿಲ್ಲ ಎಂಬುದೇ ನನ್ನ ಬೇಸರ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಕೋರ್ಸಿದೆ, ಒಳ್ಳೆಯದೇ. ಅಲ್ಲಿರುವುದು ಬೆರಳೆಣಿಕೆಯ ಸೀಟು.

ಇನ್ನು ಗೇಮಿಂಗ್ ಉದ್ಯೋಗದ ಅಂಕಿಅಂಶ ಕೇಳಿದಾಗ ಒಂದು ಉಪಪ್ರಶ್ನೆ ಹಾಕುವುದು ಒಳಿತು: ಯಾವ ಗೇಮಿಂಗ್? ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳೂ ಅದೇ ಕೊಡೆಯಡಿ ನಿಂತಿದ್ದವು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ಬೆಂಗಳೂರಿನಲ್ಲೂ ಜನ ಕೆಲಸ ಕಳೆದುಕೊಂಡರು.

ಸರ್ಕಾರದ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಒಂದಿದೆ: ಚಿತ್ರಕಲಾ ಶಾಲೆಗಳ ಒಳಗೇ ಡಿಜಿಟಲ್ ಕಲಾ ಕೇಂದ್ರ ತೆರೆಯುವ ಆಲೋಚನೆ. ಮಾಡೆಲಿಂಗ್ ಕಲಿಯುವವನು ಮೊದಲು ಜೇಡಿಮಣ್ಣು ಮುಟ್ಟಿರಬೇಕು, ಲೈಟಿಂಗ್ ಮಾಡುವವಳು ಸಂಜೆಯ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹೆಣಗಿರಬೇಕು. ಸಾಫ್ಟ್‌ವೇರ್ ಆಮೇಲೆ ಆರು ತಿಂಗಳಲ್ಲಿ ಬರುತ್ತದೆ. ಜೊತೆಗೆ, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಂಗ್ಲಿಷ್ ಟ್ಯುಟೋರಿಯಲ್ಲಿನ ಮುಂದೆ ಕೂತು ಕೈ ಚಲನೆ ಮಾತ್ರ ನಕಲು ಮಾಡುತ್ತಾನೆ, ಕಾರಣ ಬಿಟ್ಟುಹೋಗುತ್ತದೆ. ಕಾರಣವನ್ನು ಕನ್ನಡದಲ್ಲಿ ವಿವರಿಸುವ ಮೇಷ್ಟ್ರು ಬೇಕು.

ಮೇಷ್ಟ್ರು ಎಲ್ಲಿಂದ? ಇಲ್ಲೇ ಇಡೀ ವ್ಯವಸ್ಥೆ ಸಿಕ್ಕಿಕೊಂಡಿರುವುದು. ಖಾಸಗಿ ಸಂಸ್ಥೆಯಲ್ಲಿ ಎಷ್ಟೋ ಕಡೆ ಹೋದ ವರ್ಷದ ವಿದ್ಯಾರ್ಥಿಯೇ ಈ ವರ್ಷದ ಶಿಕ್ಷಕ. ಕೈ ಕುದುರಿದವನು ಸ್ಟುಡಿಯೋಗೆ ಹೋಗುತ್ತಾನೆ, ಅಲ್ಲಿ ಸಂಬಳ ಹೆಚ್ಚು. ಸರ್ಕಾರಿ ಕಾಲೇಜಿನಲ್ಲಿ ಪದವಿ ಬೇಕು, ಎನ್‌ಇಟಿಯಂಥ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಹತ್ತಾರು ಹಾಲಿವುಡ್ ಚಿತ್ರಗಳಿಗೆ ಬೆಳಕು ಕೂರಿಸಿದವನ ಬಳಿ ಅವೆರಡೂ ಇರುವುದಿಲ್ಲ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ತಂದಿತು: ಪದವಿ ಕಡ್ಡಾಯವಲ್ಲ, ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷದ ಅನುಭವ ಇದ್ದರಾಯಿತು, ಮಂಜೂರಾದ ಹುದ್ದೆಗಳ ಶೇ 10ರವರೆಗೆ ಇಂಥವರನ್ನು ತೆಗೆದುಕೊಳ್ಳಬಹುದು. 2010ರ ಸುಮಾರಿಗೆ ಬೆಂಗಳೂರಿನ ಸ್ಟುಡಿಯೋ ಸೇರಿದವರಿಗೆ ಈಗ ಅಷ್ಟು ವರ್ಷವಾಗಿದೆ. ಮುಂದಿನ ನೀತಿ ಬರೆಯುವವರು 30,000 ಎಂಬ ಅಂಕಿಯ ಪಕ್ಕದಲ್ಲಿ, ಇವರಲ್ಲಿ ಎಷ್ಟು ಜನರನ್ನು ಎಷ್ಟು ಸಂಬಳಕ್ಕೆ ಯಾವ ಊರಿನ ಚಿತ್ರಕಲಾ ಕಾಲೇಜಿಗೆ ಕರೆತರುತ್ತೇವೆ ಎಂಬ ಇನ್ನೊಂದು ಸಾಲನ್ನೂ ಬರೆಯಬೇಕಾಗುತ್ತದೆ.