ಡೋಲಿಗೆ ಮೈಕು ಯಾಕೆ ಅಂದವರಿಗೆ

ಕಾಪುವಿನ ಕಡಲ ಬದಿಯಲ್ಲಿ, 1901ರ ದೀಪಸ್ತಂಭ ಕಾಣುವಷ್ಟು ಹತ್ತಿರದ ವೇದಿಕೆಯೊಂದರಲ್ಲಿ ಕೊರಗರ ತಂಡ ನುಡಿಸಿದ್ದರ ಧ್ವನಿಮುದ್ರಣ ನಮ್ಮ ಕೈಗೆ ಬಂದಿದೆ. ನಾಲ್ಕು ಡೋಲು, ಒಂದು ಕೊಳಲು. ಕೇಳಿದೆವು. ಮತ್ತೆ ಕೇಳಿದೆವು. ನಿರೂಪಕನ ಸ್ವಾಗತ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತಿದೆ. ಗಣ್ಯರ ಹೆಸರುಗಳು ಒಂದೂ ಬಿಡದೆ ಸ್ಪಷ್ಟ. ಆಮೇಲೆ ಡೋಲು ಬರುತ್ತದೆ, ಮೂರು ಗದ್ದೆ ಆಚೆ ಯಾರೋ ತಗಡು ಬಡಿದ ಹಾಗೆ. ಕೊಳಲಂತೂ ಇಲ್ಲವೇ ಇಲ್ಲ. ಇಡೀ ಊರಿಗೆ ಕೇಳುವ ವಾದ್ಯ ದಾಖಲೆಯಲ್ಲಿ ಮಾತ್ರ ಸತ್ತು ಹೋದದ್ದು ಹೇಗೆ?

'ಇಂಥಾ ವಾದ್ಯ ರೆಕಾರ್ಡಿಂಗಿಗೆ ಹೊಂದುವುದಿಲ್ಲ ಮಾರಾಯ್ರೆ' ಅಂದರು ಮುದ್ರಿಸಿದವರು. ಇದನ್ನು ನಾವು ಒಪ್ಪುವುದಿಲ್ಲ. ಅವರು ಮಾಡಿದ್ದು ಇಷ್ಟೇ: ಸಭೆಗೆ ಧ್ವನಿ ಮುಟ್ಟಿಸುವ ಮಿಕ್ಸರಿನಿಂದ ಒಂದು ವಯರು ಎಳೆದು ಯಂತ್ರಕ್ಕೆ ಸಿಕ್ಕಿಸಿದರು. ಮಿಕ್ಸರು ಇರುವುದು ಸಣ್ಣ ದನಿಯನ್ನು ದೊಡ್ಡದು ಮಾಡಲಿಕ್ಕೆ. ಡೋಲಿಗೆ ಅದರದ್ದೇ ಗಂಟಲು ಉಂಟಲ್ಲ, ಮೈಕು ಯಾಕೆ ಅಂತ ಇಡಲೇ ಇಲ್ಲ. ಮಾತಿನವರ ಮೈಕಿನೊಳಗೆ ನುಸುಳಿ ಬಂದಷ್ಟೇ ಡೋಲು. ಮರಳಿನ ಮೇಲೆ ಕೂತ ಜನಕ್ಕೆ ಎಲ್ಲಾ ಕೇಳಿದೆ, ಯಂತ್ರಕ್ಕೆ ಕೇಳಿಲ್ಲ.

ಹಾಗಾದರೆ ಮಾಡಬೇಕಾದ್ದೆಂತ? ಒಂದೊಂದು ಡೋಲಿಗೂ ಒಂದೊಂದು ಮೈಕು, ಚರ್ಮದಿಂದ ಗೇಣು ದೂರಕ್ಕೆ. ಕೊಳಲಿನ ಮೈಕು ಮುಂದಿನದನ್ನು ಹಿಡಿದು ಬೆನ್ನ ಹಿಂದಿನದನ್ನು ಬಿಡುವ ಜಾತಿಯದಾಗಿರಬೇಕು (ಮೈಕಿನಲ್ಲೂ ಜಾತಿ ಉಂಟು), ಅದರ ಬೆನ್ನು ಡೋಲಿನ ಕಡೆಗಿರಬೇಕು. ವಾದ್ಯಕ್ಕೂ ಅದರ ಮೈಕಿಗೂ ಒಂದಡಿ ಇದ್ದರೆ, ಪಕ್ಕದ ಮೈಕು ಮೂರಡಿಯಾದರೂ ಆಚೆ. ಇಲ್ಲದಿದ್ದರೆ ಒಂದೇ ಪೆಟ್ಟು ಎರಡು ದಾರಿಯಲ್ಲಿ ಹಿಂದೆಮುಂದೆ ಬಂದು ಸೇರಿ ದನಿಯನ್ನು ಟೊಳ್ಳು ಮಾಡುತ್ತದೆ. ಎದುರಿಗೆ ತುಸು ದೂರದಲ್ಲಿ ಇಡೀ ತಂಡಕ್ಕೆ ಅಂತ ಎರಡು ಮೈಕು. ಏಳೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಕೂತರೆ ಯಾರನ್ನು ಎಷ್ಟು ಮೇಲೆ ತರಬೇಕು ಅಂತ ಆಮೇಲೆ ನಿಧಾನಕ್ಕೆ ನೋಡಬಹುದು. ಖರ್ಚು ಹೆಚ್ಚು ಅನ್ನಬೇಡಿ. ಯಕ್ಷಗಾನದ ಭಾಗವತರಿಗೊಂದು, ಚೆಂಡೆಗೊಂದು, ಮದ್ದಳೆಗೊಂದು ಮೈಕು ಇಡುವುದು ಈ ಕರಾವಳಿಯ ಸೌಂಡಿನವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಗಾಳಿಯದ್ದು ಇನ್ನೊಂದು ಕತೆ. ಕಡಲ ಗಾಳಿ ಮೈಕಿಗೆ ಹೊಡೆದರೆ ಗುಡುಗಿದ ಹಾಗೆ ಕೇಳುತ್ತದೆ. ಅದನ್ನು ತಡೆಯಲು ಕೆಳಗಿನ ಸ್ವರಗಳನ್ನು ಕತ್ತರಿಸುವ ಗುಂಡಿ ಒತ್ತಿದ್ದಾರೆ. ಗಾಳಿಯೊಟ್ಟಿಗೆ ಡೋಲಿನ ಹೊಟ್ಟೆಯೂ ಹೋಯಿತು, ಉಳಿದದ್ದು ಬರೇ ತೊಗಲಿನ ಸದ್ದು. ಮೊದಲು ಮೈಕಿಗೆ ಒಂದು ಸ್ಪಂಜಿನ ಟೊಪ್ಪಿ ಹಾಕಿ ನೋಡಬೇಕಿತ್ತು. ಮತ್ತೆ, ನುಡಿಸುವವರನ್ನು ಫೋಟೋಕ್ಕೆ ನಿಲ್ಲಿಸಿದ ಹಾಗೆ ಒಂದೇ ಸಾಲಿಗೆ ನಿಲ್ಲಿಸಿದ್ದಾರೆ. ಒಬ್ಬನ ಕೈ ನೋಡಿ ಇನ್ನೊಬ್ಬ ಪೆಟ್ಟು ಹಾಕುವ ಕಲೆ ಇದು. ಸಾಲಿನ ಆ ತುದಿಯವನಿಗೆ ಈ ತುದಿಯವನ ಕೈ ಕಾಣದು. ಹತ್ತನೇ ನಿಮಿಷದಲ್ಲಿ ತಾಳ ಎಡವಿದ್ದು ಕೇಳಿಸುತ್ತದೆ. ತಪ್ಪು ನುಡಿಸಿದವರದ್ದಲ್ಲ.

ಇದೆಲ್ಲಾ ತಂತ್ರದ ಮಾತು, ಸಾಹಿತ್ಯ ಪತ್ರಿಕೆಗೆ ಯಾಕೆ ಎಂದು ಕೇಳುವವರಿದ್ದಾರೆ. ಡೋಲನ್ನು ಊರು ಹೇಗೆ ಕೇಳಿಸಿಕೊಂಡಿತು ಎಂಬುದು ನಮಗೆ ಗೊತ್ತುಂಟು. ಹೊರಗೆ ನಿಂತು ಬಡಿಯಬೇಕು, ಕೊಟ್ಟದ್ದು ತೆಗೆದುಕೊಂಡು ಹೋಗಬೇಕು. ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು ಅದರಲ್ಲಿ ಅಪರಾಧ. ಕೊರಗರಿಂದ ದುಡಿಸಿಕೊಂಡು ಕೂಲಿ ಕೊಡದಿರುವುದು, ಬೇರೆಯವರಿಗಿಂತ ಕಡಿಮೆ ಕೊಡುವುದೂ ಅದೇ ಕಾಯ್ದೆಯಲ್ಲಿ ಅಜಲು. ಈ ಮಾತನ್ನು ಕಾರ್ಯಕ್ರಮ ನಡೆಸುವವರು ಓದಿದ್ದಾರೆಯೆ? ಸೌಂಡಿನವನಿಗೆ ಬಾಡಿಗೆ, ಡೋಲಿನವನಿಗೆ ಶಾಲು ಮತ್ತು ಊಟ ಎಂದಾದರೆ ಅದಕ್ಕೆ ಕಲಾಸೇವೆ ಎಂಬ ಹೆಸರು ನಡೆಯದು.

ಅವಮಾನದ ಗುರುತೆಂದು ಡೋಲನ್ನೇ ಕೆಳಗಿಟ್ಟವರಿದ್ದಾರೆ. ವೇದಿಕೆಯ ಡೋಲು ಕೂಡಾ ದೀಪ ಹಾಕಿದ ಅಜಲೇ ಅಲ್ಲವೇ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ಕೆಳಗಿಟ್ಟದ್ದೂ ಹೋರಾಟವೇ. ಆದರೆ ತನ್ನ ಇಷ್ಟದಿಂದ, ತಾನು ಹೇಳಿದ ದರಕ್ಕೆ ಹೆಗಲಿಗೆ ಹಾಕಿಕೊಂಡವನ ಡೋಲು ಪೂರ್ತಿ ಕೇಳಲೇಬೇಕು. ಅರ್ಧಂಬರ್ಧ ಕೇಳಿಸಿ 'ಆದಿಮ ಲಯ' ಎಂದು ಹೊಗಳುವವರ ವಿಮರ್ಶೆ ನಮಗೆ ಬೇಡ.

ಹೆಸರಿನ ಪ್ರಶ್ನೆಯೂ ಉಂಟು. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ತಂಡ 1990ರಲ್ಲಿ ಮುದ್ರಿಸಿಕೊಂಡಿತು. 1998ರಲ್ಲಿ ಅದು ಪುಸ್ತಕವಾಗಿ ಬಂತು, 15,683 ಸಾಲು. ಪುಸ್ತಕದ ಶೀರ್ಷಿಕೆಯಲ್ಲೇ ಹಾಡಿದವರ ಹೆಸರುಂಟು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ, ನುಡಿಸಿದವನು ತನ್ನ ಹೆಸರು ಹೇಳಿಸಿಕೊಳ್ಳುವುದನ್ನು ಹಕ್ಕು ಎನ್ನುತ್ತದೆ. ನಮ್ಮ ಕೈಯಲ್ಲಿರುವ ಮುದ್ರಣದಲ್ಲಿ ಧ್ವನಿ ಹಿಡಿದವರ ಹೆಸರುಂಟು, ಸ್ಥಳದ ಹೆಸರುಂಟು. ನುಡಿಸಿದವರು: 'ಜಾನಪದ ತಂಡ'. ಮುಂದಿನ ಸಲ ಮೈಕು ನಿಲ್ಲಿಸುವ ಮೊದಲು ಆ ಐದು ಜನರ ಹೆಸರು ಕೇಳಿ, ಯಾವ ಟ್ರ್ಯಾಕು ಯಾರದ್ದು ಅಂತ ಬರೆದಿಡಿ.