ಸೀರೀಸ್ ಬಲ್ಬಿನ ಪಕ್ಷ

ಈ ವಾರ ಅರ್ಥಿಂಗ್ ಗುಂಡಿಯ ಉಪ್ಪು–ಇದ್ದಿಲಿನ ಲೆಕ್ಕ ಕೊಡುತ್ತೇನೆಂದಿದ್ದೆ. ಅದು ಮುಂದಕ್ಕೆ ಹೋಯಿತು, ಚಿಗಳ್ಳಿಯಿಂದ ಫೋನ್ ಬಂತು. ಎಣ್ಣೆಯಿಲ್ಲದೆ ಉರಿಯುತ್ತಿದ್ದವು ಎನ್ನಲಾಗುವ ದೀಪಗಳಿಗೆ ಹೆಸರಾಗಿದ್ದ ಆ ಊರಿನ ಮನೆಯೊಂದರಲ್ಲಿ ಕರೆಂಟಿದ್ದೂ ಫ್ಯಾನ್ ತಿರುಗದು. "ಟೆಸ್ಟರ್ ಎರಡೂ ತೂತಿನ್ಯಾಗ ಹತ್ತೈತ್ರಿ, ಎರಡೂ ಕಡೆ ಫೇಸ್ ಬಂದೈತೇನ್ರಿ?"

ಬಂದಿಲ್ಲ. ನ್ಯೂಟ್ರಲ್ ಕಡಿದಿದೆ. ಫ್ಯಾನಿನ ಸ್ವಿಚ್ ಹಾಕಿಯೇ ಇತ್ತು, ಅದರ ಸುತ್ತಿನ ಮೂಲಕ ಫೇಸ್ ಈಚೆಗೆ ಬಂದು ಮುಂದೆ ದಾರಿಯಿಲ್ಲದೆ ನಿಂತಿದೆ. ಟೆಸ್ಟರಿನ ನಿಯಾನ್ ಹತ್ತಲು ಮಿಲಿಆಂಪಿಯರಿಗಿಂತ ಎಷ್ಟೋ ಕಡಿಮೆ ಸಾಕು. ಟೆಸ್ಟರ್ ಪಂಥದವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಡಿಜಿಟಲ್ ಮೀಟರಿನವರೂ ನಗಬೇಕಿಲ್ಲ. ಅವರ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಂ. ಕಿಲುಬು ಹಿಡಿದ ಜಾಯಿಂಟ್ 1 ಮೆಗಾಓಂ ತಡೆದರೂ 230ರ ಲೈನಿನಲ್ಲಿ 209 ವೋಲ್ಟ್ ತೋರಿಸಿ ಸುಮ್ಮನಾಗುತ್ತದೆ. ಅಲ್ಲಿಗೇ 60 ವ್ಯಾಟಿನ ಹಳೇ ಬಲ್ಬು ಹಚ್ಚಿ ನೋಡಿ. ಅದಕ್ಕೆ ಕಾಲು ಆಂಪಿಯರ್ ಬೇಕು, ಕೊಡಲಾಗದ ಜಾಯಿಂಟ್ ಸಿಕ್ಕಿಬೀಳುತ್ತದೆ. ಚಿಗಳ್ಳಿಯ ಇಲೆಕ್ಟ್ರಿಷಿಯನ್ ಬಲ್ಬು ಹಿಡಿದು ಮೀಟರ್ ಬೋರ್ಡಿನಿಂದಲೇ ಶುರು ಮಾಡಿದ. ನ್ಯೂಟ್ರಲ್ ಲಿಂಕಿನ ಸ್ಕ್ರೂ ಸಡಿಲಾಗಿ ತಂತಿಯ ತುದಿ ಸುಟ್ಟು ಕರ್ರಗಾಗಿತ್ತು.

ಲೋಡ್ ಬಿದ್ದಾಗ ಕುಸಿಯುವ ವೋಲ್ಟೇಜು ಓಮ್‌ನನ್ನೂ ಕಾಡಿದೆ. ಕಲೋನ್‌ನಲ್ಲಿ ಮೇಷ್ಟ್ರಾಗಿದ್ದ ಜಾರ್ಜ್ ಓಮ್ ಮೊದಲು ನೆಚ್ಚಿದ್ದು ವೋಲ್ಟಾ ಬ್ಯಾಟರಿಯನ್ನು. ತಂತಿ ಜೋಡಿಸಿದೊಡನೆ ಅದರ ಬಲ ಇಳಿಯುತ್ತಿತ್ತು, ಅಳತೆ ಒಂದೆಡೆ ನಿಲ್ಲದು. ಭೌತವಿಜ್ಞಾನಿ ಪೊಗ್ಗೆಂಡಾರ್ಫ್ ಸೂಚಿಸಿದಂತೆ ಬಿಸ್ಮತ್–ತಾಮ್ರದ ಜೋಡಿ ಮಾಡಿದ, ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ವೋಲ್ಟೇಜು ಅತ್ಯಲ್ಪ, ಆದರೆ ಅಲ್ಲಾಡದು. ಅದಕ್ಕೆ ಉದ್ದ–ಗಿಡ್ಡ ತಾಮ್ರದ ತಂತಿಗಳನ್ನು ಸೇರಿಸಿ ಅಳೆದ. ಅವನ 1827ರ ಪುಸ್ತಕಕ್ಕೆ ತಳಪಾಯ ಇದೇ. ಅವನ ಮೂಲ ಸೂತ್ರದಲ್ಲಿ ಹೊರಗಿನ ತಂತಿಯ ಜೊತೆ ಉಳಿದ ಸರ್ಕ್ಯೂಟಿನ ರೋಧಕ್ಕೂ ಜಾಗವಿತ್ತು. ಹೈಸ್ಕೂಲಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಅದನ್ನು ಬಿಟ್ಟ ಅರ್ಧ.

ಬಲ್ಬನ್ನು ಸೀರೀಸಿನಲ್ಲಿ ಹಾಕಿ ಶಾರ್ಟ್ ಹುಡುಕುವವರಿಗೆ ಒಂದು ಮಾತು. 60ರ ಬಲ್ಬಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯೂ ಶಾರ್ಟೂ ಹೆಚ್ಚುಕಡಿಮೆ ಒಂದೇ, ಎರಡಕ್ಕೂ ಝಗ್ಗನೆ ಉರಿಯುತ್ತದೆ. 200ರದೊಂದು ಇಟ್ಟುಕೊಳ್ಳಿ. ಪೆಟ್ಟಿಗೆ ಸರಿಯಿದ್ದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಶಾರ್ಟಾದರೆ ಪೂರ್ತಿ. ಎಲ್‌ಇಡಿ ಈ ಕೆಲಸಕ್ಕೆ ಬಾರದು. ಮುಂಡಗೋಡದ ಅಂಗಡಿಗಳಲ್ಲಿ ತಂತಿಯ ಬಲ್ಬು ಕೇಳಿದರೆ ಮುಖ ನೋಡುತ್ತಾರೆ. ಮೇಲಿನ ಹಲಗೆ ತಡಕಲು ಹೇಳಿ.